ಮಾಥೇರಾನ್ ಗಾಡಿ ತಿರುಗುವುದು ಹೇಗೆ: ನೇರಳ್‌ಗೆ ಹೋಗುವ ಮುಂಚೆ ಓದಿಕೊಳ್ಳಿ

ಮುಂದಿನ ಭಾನುವಾರ ನಮ್ಮ ಡೊಂಬಿವಲಿ ಗುಂಪು ಮತ್ತೆ ಮುಂಬೈ ಹತ್ತಿರದ ಗುಡ್ಡದ ಊರು ಮಾಥೇರಾನ್‌ಗೆ ಹೊರಟಿದೆ. ಹೋದ ಸಲ ಆದದ್ದು ನೆನಪಿದೆಯಲ್ಲ? ಗುಡ್ಡದ ಗಾಡಿ ಹೊರಡುವ ನೇರಳ್‌ನಲ್ಲಿ ಇಳಿದ ಕೂಡಲೇ "ಹೊಟ್ಟೆ ಮೊದಲು, ಗಾಡಿ ಆಮೇಲೆ" ಅಂದರು ನಮ್ಮ ಹಿರಿಯರೊಬ್ಬರು. ವಡಾಪಾವ್ ಮುಗಿಸಿ ಕೌಂಟರ್‌ಗೆ ಹೋದರೆ ಟಿಕೆಟ್ ಖಾಲಿ. ಪುಟ್ಟ ಗಾಡಿ ಕಣ್ಣೆದುರಲ್ಲೇ ಹೊರಟು ಹೋಯಿತು. ಮಿಕ್ಕವರು ಟ್ಯಾಕ್ಸಿ ಹುಡುಕುತ್ತಿದ್ದಾಗ ನಾನು ಅಲ್ಲಿ ನಿಲ್ಲಿಸಿಟ್ಟಿರುವ ಹಳೇ ಉಗಿ ಇಂಜಿನ್ ಪಕ್ಕ ಕೂತೆ. ಅದನ್ನು ನೋಡುತ್ತಾ ತಲೆಗೆ ಬಂದ ಪ್ರಶ್ನೆಯೇ ಈ ಟಿಪ್ಪಣಿಗೆ ಕಾರಣ. ಇಷ್ಟು ಕಡಿದಾದ ತಿರುವುಗಳಲ್ಲಿ ಇದು ಹಳಿ ಬಿಡದೆ ಹೇಗೆ ಹೋಗುತ್ತಿತ್ತು?

ಇತಿಹಾಸ ಎರಡೇ ಮಾತಲ್ಲಿ ಮುಗಿಸುತ್ತೇನೆ. ದಾರಿ ಕಟ್ಟಿಸಿದವರು ಅಬ್ದುಲ್ ಹುಸೇನ್ ಆದಂಜೀ ಪೀರ್‌ಭಾಯ್, ದುಡ್ಡು ಕೊಟ್ಟವರು ಅವರ ತಂದೆ ಸರ್ ಆದಂಜೀ. 1904ರಲ್ಲಿ ಕೆಲಸ ಶುರುವಾಗಿ 1907ರಲ್ಲಿ ಗಾಡಿ ಓಡಿತು. ಖರ್ಚು 16 ಲಕ್ಷ ರೂಪಾಯಿ. ಉದ್ದ ಸುಮಾರು 20 ಕಿ.ಮೀ.

ಈಗ ಏರಿನ ಲೆಕ್ಕ. ನೇರಳ್ ಸಮುದ್ರ ಮಟ್ಟದಿಂದ ಬರೀ 40 ಮೀಟರ್ ಎತ್ತರದಲ್ಲಿದೆ, ಮಾಥೇರಾನ್ ಸುಮಾರು 800 ಮೀಟರ್. ಅಂದರೆ 20 ಕಿ.ಮೀ. ಓಟದಲ್ಲಿ ಮುಕ್ಕಾಲು ಕಿ.ಮೀ. ಮೇಲೆ ಹೋಗಬೇಕು. ಸರಾಸರಿ 26-27 ಮೀಟರಿಗೆ 1 ಮೀಟರ್ ಏರು. ತೀರಾ ಕಡಿದಾದ ಕಡೆ 20ಕ್ಕೆ 1. ಪುಣೆ ದಾರಿಯ ಭೋರ್ ಘಾಟಿ 37ಕ್ಕೆ 1, ಅಲ್ಲೇ ರೈಲಿಗೆ ಹಿಂದಿನಿಂದ ತಳ್ಳಲು ಕರ್ಜತ್‌ನಲ್ಲಿ ಜಾಸ್ತಿ ಇಂಜಿನ್ ಕಟ್ಟುತ್ತಾರೆ. ಊಟಿ ಗಾಡಿಗೆ 12ಕ್ಕೆ 1ರ ಏರು ಇದೆ ನಿಜ, ಆದರೆ ಅಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಇಂಜಿನ್ ಅದನ್ನು ಕಚ್ಚಿಕೊಂಡು ಹತ್ತುತ್ತದೆ. ಮಾಥೇರಾನ್‌ಗೆ ಅದೂ ಇಲ್ಲ. ನುಣ್ಣನೆ ಹಳಿ, ನುಣ್ಣನೆ ಚಕ್ರ. ಹಿಡಿತ ಸಿಗಬೇಕಾದರೆ ಇಂಜಿನ್ನಿನ ಇಡೀ ಭಾರ ಎಳೆಯುವ ಚಕ್ರಗಳ ಮೇಲೇ ಬೀಳಬೇಕು. ಅದಕ್ಕೇ ಆ ಹಳೇ ಇಂಜಿನ್ನಿಗೆ ಮೂರು ಜೊತೆ ಚಕ್ರ, ಆರಕ್ಕಾರೂ ಎಳೆಯುವ ಚಕ್ರಗಳೇ.

ಏರು ಹೆಚ್ಚಾಗದಿರಲು ದಾರಿಯನ್ನು ಸುತ್ತಿಸಿ ಸುತ್ತಿಸಿ ಕಟ್ಟಿದ್ದಾರೆ. ಹಾಗಾಗಿ ತಿರುವುಗಳು. ಇಲ್ಲೇ ಸಿಕ್ಕು.

ಮನೆಯಲ್ಲಿ ಇದನ್ನು ಮಾಡಿ ನೋಡಿ. ಅಂಚಿರುವ ಊಟದ ತಟ್ಟೆಯೊಳಗೆ ಒಂದು ಸ್ಕೇಲ್ ಇಡಿ. ಎರಡು ತುದಿಗಳು ಅಂಚಿಗೆ ತಾಗುತ್ತವೆ, ನಡುಭಾಗ ದೂರ ನಿಲ್ಲುತ್ತದೆ. ತಟ್ಟೆ ಚಿಕ್ಕದಾದಷ್ಟೂ ನಡುವಿನ ಸಂದು ದೊಡ್ಡದು. ಆ ಸ್ಕೇಲೇ ಇಂಜಿನ್, ತಟ್ಟೆಯ ಅಂಚು ಹಳಿ. ಮೂರು ಜೊತೆ ಚಕ್ರಗಳನ್ನು ಒಂದೇ ಚೌಕಟ್ಟಿಗೆ ಬಿಗಿಯಾಗಿ ಕೂರಿಸಿದರೆ ತಿರುವಿನಲ್ಲಿ ಮೂರೂ ಒಟ್ಟಿಗೆ ಹಳಿಯ ಮೇಲೆ ಕೂರುವುದಿಲ್ಲ. ಇಲ್ಲಾ ಸಿಕ್ಕಿಕೊಳ್ಳುತ್ತವೆ, ಇಲ್ಲಾ ಹಳಿ ಹತ್ತಿ ಆಚೆ ಬೀಳುತ್ತವೆ.

ಇನ್ನೊಂದು ಲೆಕ್ಕ ನನಗೆ ತುಂಬಾ ಇಷ್ಟ. ಗಾಡಿ ಪೂರ್ತಿ ಹಿಂತಿರುಗುವ ಲಾಳಾಕಾರದ ತಿರುವು ಇದೆ ಅಂದುಕೊಳ್ಳಿ. ಹೊರಗಿನ ಹಳಿ ಒಳಗಿನದಕ್ಕಿಂತ ಎಷ್ಟು ಉದ್ದ? ಹಳಿಗಳ ನಡುವಿನ ಅಂತರವನ್ನು 3.14ರಿಂದ ಗುಣಿಸಿದರೆ ಸಾಕು. ತಿರುವು ಸಣ್ಣದೋ ದೊಡ್ಡದೋ, ಅದಕ್ಕೆ ಸಂಬಂಧವೇ ಇಲ್ಲ. ನಮ್ಮ ಲೋಕಲ್ ಓಡುವ ಹಳಿಯ ಅಂತರ 1676 ಮಿ.ಮೀ., ಹಾಗಾಗಿ ವ್ಯತ್ಯಾಸ 5 ಮೀಟರಿಗಿಂತ ಜಾಸ್ತಿ. ಮಾಥೇರಾನ್ ಹಳಿಯ ಅಂತರ 610 ಮಿ.ಮೀ., ಅಂದರೆ ಎರಡೇ ಅಡಿ. ವ್ಯತ್ಯಾಸ 2 ಮೀಟರಿಗೂ ಕಡಿಮೆ. ರೈಲಿನ ಎರಡು ಚಕ್ರಗಳೂ ಒಂದೇ ಅಚ್ಚಿಗೆ ಬಿಗಿದಿರುವುದರಿಂದ ಎರಡೂ ಅಷ್ಟೇ ಸುತ್ತು ತಿರುಗಬೇಕು. ಚಕ್ರದ ಇಳಿಜಾರು ಅಂಚು ಸ್ವಲ್ಪ ಸರಿದೂಗಿಸುತ್ತದೆ, ಮಿಕ್ಕದ್ದು ಜಾರಿಯೇ ಹೋಗಬೇಕು. ತಿರುವಿನಲ್ಲಿ ಕೀ... ಅನ್ನುವ ಸದ್ದು ಬರುತ್ತದಲ್ಲ, ಅದಕ್ಕೆ ಮುಖ್ಯ ಕಾರಣ ಚಕ್ರ ಹಳಿಯ ಮೇಲೆ ಅಡ್ಡಕ್ಕೆ ಜಾರುವುದು. ಹಳಿ ಕಿರಿದಾದರೆ ಜಾರಾಟ ಕಡಿಮೆ, ಗುಡ್ಡ ಕಡಿಯುವ ಕೆಲಸವೂ ಕಡಿಮೆ.

ಇನ್ನು ಇಂಜಿನ್ ಹತ್ತಿರ ಬನ್ನಿ. ಜರ್ಮನಿಯ ಒರೆನ್‌ಸ್ಟೈನ್ ಅಂಡ್ ಕೊಪ್ಪೆಲ್ ಕಂಪನಿ ಇಂಥ ನಾಲ್ಕು ಇಂಜಿನ್ ಮಾಡಿಕೊಟ್ಟಿತ್ತು. ಇದರ ಹಿಂದಿನ ತಲೆ ಎವರಾರ್ಡ್ ಕ್ಯಾಲ್ಥ್ರಾಪ್ ಎಂಬ ಇಂಜಿನಿಯರ್, ಬಾರ್ಶಿ ಲೈಟ್ ರೈಲ್ವೆ ಮಾಡಿದವರು. ಬಗ್ಗಿ ನೋಡಿದರೆ ಚಕ್ರಗಳು ಚೌಕಟ್ಟಿನ ಒಳಗೆ ಅಡಗಿವೆ, ಅವನ್ನು ತಿರುಗಿಸುವ ಸರಳುಗಳು ಹೊರಗಿವೆ. ಗುಟ್ಟು ಇರುವುದು ಮೊದಲನೇ ಮತ್ತು ಮೂರನೇ ಅಚ್ಚಿನಲ್ಲಿ. ಇವು ಎರಡು ಪದರದ ಅಚ್ಚುಗಳು, ಹೆಸರು ಕ್ಲೀನ್-ಲಿಂಡ್ನರ್. ಒಳಗೊಂದು ಗಟ್ಟಿ ಅಚ್ಚು, ಅದರ ಮೇಲೆ ಟೊಳ್ಳು ಕೊಳವೆ. ಚಕ್ರಗಳು ಕೂತಿರುವುದು ಕೊಳವೆಯ ಮೇಲೆ.

ಕೈಗೆ ಸಡಿಲವಾದ ಬಳೆ ಹಾಕಿಕೊಂಡವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಮಣಿಕಟ್ಟು ನೆಟ್ಟಗೇ ಇರುತ್ತದೆ, ಬಳೆ ಮಾತ್ರ ಅಲ್ಲಿ ಇಲ್ಲಿ ಸರಿಯುತ್ತದೆ, ಓರೆಯಾಗುತ್ತದೆ. ಆದರೆ ಬಳೆ ಕೈ ಜೊತೆ ಸುತ್ತುವುದಿಲ್ಲ, ಅಲ್ವಾ? ಆ ಕೊರತೆ ನೀಗಿಸಲು ನಟ್ಟನಡುವೆ ಗುಂಡಗಿನ ಉಬ್ಬು, ಅದಕ್ಕೊಂದು ಅಡ್ಡ ಪಿನ್ನು. ಒಳಗಿನ ಅಚ್ಚು ಸುತ್ತಿದರೆ ಪಿನ್ನು ಕೊಳವೆಯನ್ನೂ ಸುತ್ತಿಸುತ್ತದೆ. ಹೀಗೆ ಎಳೆತವೂ ಸಿಕ್ಕಿತು, ತಿರುವಿಗೆ ತಕ್ಕಂತೆ ಬಾಗುವುದೂ ಆಯಿತು. ಮೈಸೂರಿನ ರೈಲು ಮ್ಯೂಸಿಯಂನಲ್ಲಿ ಎಷ್ಟೋ ಸಲ ಇಂಜಿನ್ ಹತ್ತಿ ಇಳಿದಿದ್ದೇನೆ, ಆದರೆ ಅವು ಓಡಿದ ದಾರಿ ಅಲ್ಲಿ ಕಣ್ಣಿಗೆ ಬೀಳುವುದಿಲ್ಲ. ಇಲ್ಲಿ ಇಂಜಿನ್ನಿನ ಹೊಟ್ಟೆ ನೋಡಿ, ಹತ್ತು ಹೆಜ್ಜೆ ನಡೆದು ಅದೇ ದಾರಿಯ ಗಾಡಿ ಹತ್ತಬಹುದು. ಎಳೆಯುವುದು ಈಗ ಡೀಸೆಲ್ ಅನ್ನುವುದೊಂದೇ ಬೇಜಾರು.

ಇಳಿಯುವಾಗ ಬ್ರೇಕಿನ ಕಥೆ ಬೇರೆ. ಮೊದಲೆಲ್ಲ ಬೋಗಿಗಳ ನಡುವೆ ಆಳುಗಳು ಕೂತು, ಡ್ರೈವರ್‌ನ ಸೀಟಿ ಕೇಳಿ ಕೈಯಿಂದ ಬ್ರೇಕ್ ತಿರುಗಿಸುತ್ತಿದ್ದರು. 2016ರಲ್ಲಿ ಎರಡು ಸಲ ಹಳಿ ತಪ್ಪಿ ಗಾಡಿ ನಿಂತಿತು. ಆಮೇಲೆ ಏರ್ ಬ್ರೇಕ್ ಬಂತು. ಮಳೆಯೂ ಸುಮ್ನೆ ಬಿಟ್ಟಿಲ್ಲ. 2005ರ ಜುಲೈ ಪ್ರವಾಹದಲ್ಲಿ ದಾರಿ ಕೊಚ್ಚಿಹೋಯಿತು, 2019ರಲ್ಲಿ ಮತ್ತೆ. ಪೂರ್ತಿ ದಾರಿ ತೆರೆದದ್ದು 2022ರ ಅಕ್ಟೋಬರ್‌ನಲ್ಲಿ. ಮಳೆಗಾಲದಲ್ಲಿ ಈಗಲೂ ನೇರಳ್‌ನಿಂದ ಗಾಡಿ ಇರುವುದಿಲ್ಲ, ಮೇಲೆ ಅಮನ್ ಲಾಜ್‌ನಿಂದ ಮಾಥೇರಾನ್‌ವರೆಗಿನ ತುಂಡು ದಾರಿಯಲ್ಲಿ ಮಾತ್ರ ಓಡುತ್ತದೆ. ಮಾಥೇರಾನ್‌ನೊಳಗೆ ನಮ್ಮ ಕಾರು, ಬೈಕು ಬಿಡುವುದಿಲ್ಲ, ಹಾಗಾಗಿ ಆ ತುಂಡು ದಾರಿಗೂ ಕ್ಯೂ ಇದ್ದೇ ಇರುತ್ತದೆ.

ಪರೀಕ್ಷೆ ಬರೆಯುವವರಿಗೆ ಒಂದು ಸಾಲು: ಡಾರ್ಜಿಲಿಂಗ್, ನೀಲಗಿರಿ, ಕಾಲ್ಕಾ-ಶಿಮ್ಲಾ ಯುನೆಸ್ಕೋ ಪಟ್ಟಿಯಲ್ಲಿವೆ. ಮಾಥೇರಾನ್ ಆ ಮೂರರಲ್ಲಿ ಇಲ್ಲ, ಬಹಳ ಜನ ಇಲ್ಲೇ ತಪ್ಪು ಬರೆಯುತ್ತಾರೆ.

ದಾರಿಯ ಸ್ಟೇಷನ್‌ಗಳು ಹೀಗೆ: ನೇರಳ್, ಜುಮ್ಮಾಪಟ್ಟಿ, ವಾಟರ್ ಪೈಪ್, ಅಮನ್ ಲಾಜ್, ಮಾಥೇರಾನ್. ಇರುವ ಸುರಂಗ ಒಂದೇ. ಒಂದು ಮುತ್ತು ಕೊಡುವಷ್ಟರಲ್ಲಿ ಮುಗಿಯುತ್ತದೆ ಅಂತ ಅದಕ್ಕೆ ವನ್ ಕಿಸ್ ಟನಲ್ ಅಂತಲೇ ಹೆಸರು. ತಿರುವು ಬಂದಾಗ ಕಿಟಕಿಯಿಂದ ಮುಂದಿನ ಬೋಗಿ ನೋಡಿ, ಕಿವಿ ಮಾತ್ರ ಚಕ್ರದ ಕಡೆ ಇರಲಿ.

ಕರ್ಜತ್ ಅಥವಾ ಖೋಪೋಲಿ ಲೋಕಲ್ ಹತ್ತಿ. ಬದಲಾಪುರ ಲೋಕಲ್ ಬೇಡ, ಅದು ನೇರಳ್‌ವರೆಗೆ ಬರುವುದಿಲ್ಲ. ಈ ಸಲ ಮೊದಲು ಟಿಕೆಟ್, ಆಮೇಲೆ ವಡಾಪಾವ್.