ಸಕ್ಕರೆ ಕಾರ್ಖಾನೆಯಲ್ಲಿ ಹೈಡ್ರೋಜನ್ ಕರೆಂಟ್ ಏಕಿಲ್ಲ?

ಪ್ರಶ್ನೆ: ಕಾರ್ಖಾನೆಗಳಲ್ಲಿ ಉಪ-ಉತ್ಪನ್ನವಾಗಿ ಬರುವ ಹೈಡ್ರೋಜನ್ ಬಳಸಿ ಫ್ಯೂಯಲ್ ಸೆಲ್‌ನಲ್ಲಿ ಕರೆಂಟ್ ತಯಾರಿಸುತ್ತಾರಂತೆ. ಮುಧೋಳ, ಜಮಖಂಡಿ ಕಡೆ ಇಷ್ಟು ಸಕ್ಕರೆ ಕಾರ್ಖಾನೆಗಳಿವೆಯಲ್ಲ, ಇಲ್ಲೇಕೆ ಆಗುವುದಿಲ್ಲ?

ಉತ್ತರ: ಕಬ್ಬು ನುರಿಸಿದರೆ ಹೈಡ್ರೋಜನ್ ಬರುವುದಿಲ್ಲ, ಅದೇ ಕಾರಣ. ಡಿಸ್ಟಿಲರಿಯಲ್ಲಿ ಕಾಕಂಬಿ ಹುದುಗಿದಾಗ ಏಳುವುದು ಕಾರ್ಬನ್ ಡೈಆಕ್ಸೈಡ್. ಡಿಸ್ಟಿಲರಿಯ ತ್ಯಾಜ್ಯನೀರಾದ ಸ್ಪೆಂಟ್ ವಾಶ್‌ನ ಬಯೋಗ್ಯಾಸ್‌ನಲ್ಲಿ ಹೆಚ್ಚಿನ ಪಾಲು ಮೀಥೇನ್, ಜೊತೆಗೆ ಫ್ಯೂಯಲ್ ಸೆಲ್‌ನಲ್ಲಿ ಕೆಟಲಿಸ್ಟ್ (ಕ್ರಿಯೆ ಚುರುಕಾಗಿಸುವ ವಸ್ತು) ಆಗಿರುವ ಪ್ಲಾಟಿನಂ ಕೆಡಿಸುವ ಹೈಡ್ರೋಜನ್ ಸಲ್ಫೈಡ್.  ಹೈಡ್ರೋಜನ್ ಸಿಗುವುದು ಉಪ್ಪುನೀರಿಗೆ ವಿದ್ಯುತ್ ಹಾಯಿಸಿ ಕಾಸ್ಟಿಕ್ ಸೋಡಾ ತಯಾರಿಸುವ ಜಾಗದಲ್ಲಿ.

ಅಲ್ಲಿ 1 ಟನ್ ಕಾಸ್ಟಿಕ್‌ಗೆ ಸುಮಾರು 25 ಕೆಜಿ ಹೈಡ್ರೋಜನ್ ಬರುತ್ತದೆ. ಕೆಜಿಗೆ 33 ಯೂನಿಟ್ ಶಕ್ತಿ. ಫ್ಯೂಯಲ್ ಸೆಲ್‌ನ ದಕ್ಷತೆ ಶೇ 50 ಎಂದು ಹಿಡಿದರೆ ಸಿಗುವುದು 400 ಯೂನಿಟ್‌ನಷ್ಟು. ಆ ಒಂದು ಟನ್ ತಯಾರಿಸಲು ಖರ್ಚಾದದ್ದು 2,200ರಿಂದ 2,500 ಯೂನಿಟ್. ಅಂದರೆ ಆರನೇ ಒಂದು ಪಾಲು ಮರಳಿ ಬಂತು. ಫ್ಯೂಯಲ್ ಸೆಲ್ ಕೊಡುವುದೂ ಡಿಸಿ (ಒಂದೇ ದಿಕ್ಕಿಗೆ ಹರಿಯುವ ಕರೆಂಟ್), ಉಪ್ಪುನೀರನ್ನು ಒಡೆಯುವ ಎಲೆಕ್ಟ್ರೊಲೈಸರ್‌ಗೆ ಬೇಕಾದದ್ದೂ ಡಿಸಿ. ವೋಲ್ಟೇಜ್ ಹೊಂದಿಸಿ ನೇರ ಕೊಟ್ಟರೆ ಡಿಸಿಯನ್ನು ಎಸಿ ಮಾಡುವ ಇನ್ವರ್ಟರ್‌ನ ನಷ್ಟವೂ ತಪ್ಪುತ್ತದೆ.

ಕಷ್ಟವಿರುವುದು ಗ್ಯಾಸ್ ತೊಳೆಯುವುದರಲ್ಲಿ. ಎಲೆಕ್ಟ್ರೊಲೈಸರ್‌ನಿಂದ ಹೊರಡುವ ಬಿಸಿ ಗ್ಯಾಸ್‌ನಲ್ಲಿ ನೀರಾವಿ, ಕಾಸ್ಟಿಕ್‌ನ ಸಣ್ಣ ಹನಿಗಳು ಇರುತ್ತವೆ. ಸ್ಕ್ರಬ್ಬರ್‌ನಲ್ಲಿ ತೊಳೆದು, ತಣಿಸಿ, ಡೆಮಿಸ್ಟರ್‌ನಲ್ಲಿ ಹನಿ ಹಿಡಿದು, ಉಳಿದ ಆಕ್ಸಿಜನ್ನನ್ನು ಪಲ್ಲಾಡಿಯಂ ಕೆಟಲಿಸ್ಟ್ ಮೇಲೆ ನೀರಾಗಿಸಬೇಕು. ಹನಿ ಫ್ಯೂಯಲ್ ಸೆಲ್ ಒಳಹೊಕ್ಕರೆ ಸೋಡಿಯಂ ಅಯಾನುಗಳು, ಪ್ರೋಟಾನ್‌ಗಳನ್ನು ದಾಟಿಸುವ ಪೊರೆಯಲ್ಲಿ ಅವುಗಳ ಜಾಗ ಹಿಡಿಯುತ್ತವೆ. ವೋಲ್ಟೇಜ್ ದಿನೇದಿನೇ ಇಳಿಯುತ್ತದೆ, ಗ್ಯಾಸ್ ಶುದ್ಧಮಾಡಿದ ಮಾತ್ರಕ್ಕೆ ಮರಳುವುದಿಲ್ಲ. ಕ್ಲೋರೈಡ್ ಪ್ಲಾಟಿನಂ ಅನ್ನೇ ಸವೆಸುತ್ತದೆ. ನೈಸರ್ಗಿಕ ಅನಿಲದಿಂದ ತೆಗೆದ ಹೈಡ್ರೋಜನ್‌ನಲ್ಲಿ ಕಾಡುವ ಕಾರ್ಬನ್ ಮೊನಾಕ್ಸೈಡ್ ಮಾತ್ರ ಇಲ್ಲಿಲ್ಲ, ಇದು ದೊಡ್ಡ ಅನುಕೂಲ.

ಎಲೆಕ್ಟ್ರೊಲೈಸರ್ ಲೋಡ್ ಇಳಿಸಿದರೆ ಗ್ಯಾಸ್ ಕೂಡಲೇ ಕಡಿಮೆಯಾಗುತ್ತದೆ. ಆಗ ಫ್ಯೂಯಲ್ ಸೆಲ್‌ನಿಂದ ಮೊದಲಿನಷ್ಟೇ ಕರೆಂಟ್ ಎಳೆದರೆ ಗ್ಯಾಸ್ ಸಾಲದ ಸೆಲ್‌ಗಳಲ್ಲಿ ಧ್ರುವ ತಿರುಗಿ, ಕೆಟಲಿಸ್ಟ್ ಹೊತ್ತ ಕಾರ್ಬನ್ ಸವೆಯುತ್ತದೆ. ಹಾಗಾಗಿ ಗ್ಯಾಸ್ ಹರಿವಿಗೆ ತಕ್ಕಂತೆ ಲೋಡ್ ತಾನಾಗಿ ಇಳಿಯುವಂತಿರಬೇಕು. ಪೈಪಿನ ಒತ್ತಡ ಹೊರಗಿನ ಗಾಳಿಯ ಒತ್ತಡಕ್ಕಿಂತ ಕೆಳಗಿಳಿಯಕೂಡದು, ಇಳಿದರೆ ಗಾಳಿ ಒಳನುಗ್ಗುತ್ತದೆ. ಗಾಳಿಯಲ್ಲಿ ಶೇ 4ರಿಂದ 75ರವರೆಗೆ ಹೈಡ್ರೋಜನ್ ಬೆರೆತರೂ ಹೊತ್ತಿಕೊಳ್ಳುತ್ತದೆ. ಚಾಲೂ ಮಾಡುವ ಮುನ್ನ, ನಿಲ್ಲಿಸಿದ ಮೇಲೆ ನೈಟ್ರೋಜನ್ ಹಾಯಿಸಲೇಬೇಕು.

ಈ ಹೈಡ್ರೋಜನ್ ಈಗಾಗಲೇ ಬಾಯ್ಲರ್‌ನಲ್ಲಿ ಉರಿಯುತ್ತಿದ್ದರೆ ಅದರ ಬದಲಿಗೆ ಬೇರೆ ಇಂಧನ ಕೊಳ್ಳಬೇಕಾಗುತ್ತದೆ. ಆದ್ದರಿಂದ ಚಿಮಣಿಯಿಂದ ಸುಮ್ಮನೆ ಗಾಳಿಗೆ ಹೋಗುವುದನ್ನಷ್ಟೇ ಲೆಕ್ಕಕ್ಕೆ ಹಿಡಿಯಿರಿ. ನಿಮ್ಮ ಕಡೆಯ ಕಾರ್ಖಾನೆಗಳಿಗಂತೂ ಬಗ್ಯಾಸ್ (ರಸ ಹಿಂಡಿದ ಕಬ್ಬಿನ ಸಿಪ್ಪೆ) ಉರಿಸಿ ಟರ್ಬೈನ್ ತಿರುಗಿಸುವುದೇ ಸರಿಯಾದ ದಾರಿ.