ಮೀನು ಸಾಕಣೆಯ ಸ್ನಾತಕೋತ್ತರ ಓದು: ಇಳುವರಿಯ ಗುರಿಯಿಂದ ನೀರಿನ ಲೆಕ್ಕಕ್ಕೆ

1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಅವರು ಮಿದುಳಿನ ತಳದಲ್ಲಿರುವ ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚಿ ಗೆಂಡೆ ಮೀನಿನಿಂದ ಮೊಟ್ಟೆ ಇಡಿಸಿದರು. ಅದುವರೆಗೆ ಕಾಟ್ಲಾ, ರೋಹುವಿನಂಥ ಗೆಂಡೆಗಳ ಮರಿಗಳಿಗಾಗಿ ಮಳೆಗಾಲದ ಹೊಳೆಯನ್ನೇ ನಂಬಬೇಕಿತ್ತು. ಸಿಕ್ಕ ಮರಿಗಳಲ್ಲಿ ಬೇಡದ ಜಾತಿಯವೂ ಬೆರೆತಿರುತ್ತಿದ್ದವು. ಮುಂಬೈಯ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆ 1961ರಲ್ಲಿ, ದೇಶದ ಮೊದಲ ಮೀನುಗಾರಿಕೆ ಕಾಲೇಜು 1969ರಲ್ಲಿ ಮಂಗಳೂರಿನಲ್ಲಿ ಶುರುವಾದಾಗ ಎದುರಿಗಿದ್ದ ಪ್ರಶ್ನೆ ಒಂದೇ: ಹೆಕ್ಟೇರಿಗೆ ಎಷ್ಟು ಹೆಚ್ಚು ಮೀನು ತೆಗೆಯಬಹುದು? ಆಹಾರದ ಕೊರತೆಯಿದ್ದ ಕಾಲಕ್ಕೆ ಅದು ಸರಿಯಾದ ಪ್ರಶ್ನೆಯೇ.

ಅದರ ಮಿತಿ ತಿಳಿದದ್ದು ಸಿಗಡಿಯಿಂದ. ಕರಾವಳಿಯುದ್ದಕ್ಕೂ ಒತ್ತೊತ್ತಾಗಿ ಎದ್ದ ಹೊಂಡಗಳು ಒಂದೇ ಕಾಲುವೆಯಿಂದ ನೀರೆಳೆದು ಅದಕ್ಕೇ ಕೊಳಕು ನೀರು ಬಿಡುತ್ತಿದ್ದವು. 1994–95ರಲ್ಲಿ ಸಿಗಡಿಗಳನ್ನು ಕೊಲ್ಲುವ ಬಿಳಿಚುಕ್ಕೆ ವೈರಸ್ ಆ ನೀರಿನ ಜೊತೆಗೇ ಹೊಂಡದಿಂದ ಹೊಂಡಕ್ಕೆ ಹರಿಯಿತು. 1996ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕರಾವಳಿ ನಿಯಂತ್ರಣ ವಲಯದೊಳಗಿನ ತೀವ್ರ ಸಾಕಣೆಗೆ ತಡೆ ಹಾಕಿತು. ಸಾಂಪ್ರದಾಯಿಕ ಪದ್ಧತಿಗೆ ಮಾತ್ರ ಅವಕಾಶ ಉಳಿಸಿತು. 2005ರಲ್ಲಿ ಕರಾವಳಿ ಜಲಕೃಷಿ ಪ್ರಾಧಿಕಾರದ ಕಾಯ್ದೆ ಬಂತು. 2009ರಲ್ಲಿ ವನ್ನಾಮಿ ಎಂಬ ವಿದೇಶಿ ಸಿಗಡಿಗೆ ಅನುಮತಿ ಸಿಕ್ಕಾಗ ಚದರ ಮೀಟರಿಗೆ 60 ಮರಿಗಳ ಮಿತಿಯೂ ಜೊತೆಗೇ ಬಂತು.

ಇಂದು ಎಂ.ಎಫ್.ಎಸ್ಸಿ. (ಮೀನುಗಾರಿಕಾ ವಿಜ್ಞಾನದ ಸ್ನಾತಕೋತ್ತರ ಪದವಿ) ವಿದ್ಯಾರ್ಥಿ ಮೊದಲು ಕಲಿಯಬೇಕಾದದ್ದು ಸಾರಜನಕದ ಲೆಕ್ಕ. ಶೇ 30 ಪ್ರೋಟೀನ್ ಇರುವ 100 ಕೆಜಿ ಮೇವಿನಲ್ಲಿ 30 ಕೆಜಿ ಪ್ರೋಟೀನ್ ಇರುತ್ತದೆ, ಪ್ರೋಟೀನಿನಲ್ಲಿ ಸುಮಾರು ಶೇ 16 ಸಾರಜನಕವಿರುವುದರಿಂದ ಅದನ್ನು 6.25ರಿಂದ ಭಾಗಿಸಿದರೆ 4.8 ಕೆಜಿ ಸಾರಜನಕ. ಅದರಲ್ಲಿ ಮೀನಿನ ಮೈಗೆ ಹತ್ತುವುದು ಹೆಚ್ಚುಕಡಿಮೆ ಕಾಲುಭಾಗ. ಮಿಕ್ಕ ಸುಮಾರು ಮೂರೂವರೆ ಕೆಜಿ ನೀರು, ಕೆಸರುಗಳ ಪಾಲು. ಅದರಲ್ಲಿ ಬಹುಪಾಲು ಅಮೋನಿಯಾ.

ಅಮೋನಿಯಾ ಎಷ್ಟಿದೆ ಎಂಬುದರಷ್ಟೇ ಮುಖ್ಯ ಅದು ಯಾವ ರೂಪದಲ್ಲಿದೆ ಎಂಬುದು. 28 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಪಿಎಚ್ (ಆಮ್ಲ–ಕ್ಷಾರದ ಅಳತೆ) 8 ಇದ್ದರೆ ಅದರಲ್ಲಿ ಸುಮಾರು ಶೇ 6.5 ಮಾತ್ರ ವಿಷರೂಪದಲ್ಲಿರುತ್ತದೆ. ಪಿಎಚ್ 9ಕ್ಕೇರಿದರೆ ಶೇ 40 ದಾಟುತ್ತದೆ. ಬಿಸಿಲಿಗೆ ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿದಂತೆ ಪಿಎಚ್ ಏರುವುದರಿಂದ ಬೆಳಗ್ಗೆ ಮಾತ್ರ ಅಳೆದವರಿಗೆ ಹೊಂಡ ಆರೋಗ್ಯವಾಗಿಯೇ ಕಾಣುತ್ತದೆ. ಆಮ್ಲಜನಕದ ಅಪಾಯದ ಹೊತ್ತು ಇದಕ್ಕೆ ತಿರುಗುಮುರುಗು: ಅದು ತಳ ಮುಟ್ಟುವುದು ನಸುಕಿನಲ್ಲಿ. ಹಾಗಾಗಿ ಆಮ್ಲಜನಕವನ್ನು ಸೂರ್ಯೋದಯಕ್ಕೆ ಮೊದಲು, ಪಿಎಚ್ ಮತ್ತು ಅಮೋನಿಯಾವನ್ನು ಮಧ್ಯಾಹ್ನ ಮೂರರ ಸುಮಾರಿಗೆ ಅಳೆಯಬೇಕು.

ಎರಡು ವರ್ಷದ ಈ ಓದಿನಲ್ಲಿ ಪ್ರಬಂಧದ ಪ್ರಯೋಗಗಳು ಎಷ್ಟೋ ಸಲ ಸಿಮೆಂಟ್ ತೊಟ್ಟಿಯಲ್ಲಿ ಅರವತ್ತು, ತೊಂಬತ್ತು ದಿನಕ್ಕೆ ಮುಗಿಯುತ್ತವೆ. ಇದು ಸಾಲದು. ಮೇವಿನ ಪ್ರಮಾಣ ಏರಿ ತಳದ ಕೆಸರು ಕಪ್ಪಾಗುವುದು ಬೆಳೆಯ ಉತ್ತರಾರ್ಧದಲ್ಲಿ. ತೊಟ್ಟಿಯಲ್ಲಿ ಕೆಸರೇ ಇಲ್ಲ. ಮಣ್ಣಿನ ಹೊಂಡವೊಂದನ್ನು ಒಣಗಿಸಿ ಸುಣ್ಣ ಹಾಕುವುದರಿಂದ ಕೊಯ್ಲಿನ ಕೊನೆಯ ನೀರು ಹೊರಬಿಡುವವರೆಗೆ ಪೂರ್ತಿ ಒಂದು ಬೆಳೆ ನೋಡಿಕೊಳ್ಳುವುದನ್ನು ಪದವಿಗೆ ಕಡ್ಡಾಯ ಮಾಡಬೇಕು. ಆ ಕೊನೆಯ ನೀರನ್ನೂ ನೇರ ಹೊಳೆಗೆ ಬಿಡದೆ ತಂಗುಹೊಂಡದಲ್ಲಿ ನಿಲ್ಲಿಸಿ, ಕೆಸರು ತಳಕ್ಕಿಳಿದ ಮೇಲೆ ಪರೀಕ್ಷಿಸಿಯೇ ಹೊರಬಿಡಬೇಕು.