ಪದ ಪರಿಚಯ: ಕಾಲೇಜಿಯೇಟ್ ರಿಕವರಿ

ಕುಡಿತವನ್ನೋ ಗಾಂಜಾವನ್ನೋ ಬಿಟ್ಟು, ಚಿಕಿತ್ಸೆ ಮುಗಿಸಿ, ಒಬ್ಬ ವಿದ್ಯಾರ್ಥಿ ವಾಪಸ್ ಕಾಲೇಜಿಗೆ ಬರುತ್ತಾನೆ ಅಂದುಕೊಳ್ಳಿ. ಬಿಟ್ಟದ್ದನ್ನು ಮತ್ತೆ ಮುಟ್ಟದೆ ಓದನ್ನೂ ಮುಗಿಸಲು ಅವನಿಗೆ ಕಾಲೇಜಿನೊಳಗೇ ಒಂದಷ್ಟು ಆಸರೆ ಬೇಕು. ಆ ಆಸರೆಯ ವ್ಯವಸ್ಥೆಗೆ ಕಾಲೇಜಿಯೇಟ್ ರಿಕವರಿ ಎನ್ನುತ್ತಾರೆ. ಇದು ಆಸ್ಪತ್ರೆ ಅಲ್ಲ, ವ್ಯಸನಮುಕ್ತಿ ಕೇಂದ್ರವೂ ಅಲ್ಲ. ಗೇಟಿನಲ್ಲಿ ಬ್ಯಾಗ್ ತಡಕುವ ಕೆಲಸವಂತೂ ಅಲ್ಲವೇ ಅಲ್ಲ. ಅದೆಲ್ಲ ಮುಗಿದ ಮೇಲೆ ಶುರುವಾಗುವ ಕೆಲಸ ಇದು.

ಮಂಗಳೂರು, ಮಣಿಪಾಲದ ಕಡೆ ಕಾಲೇಜು ಮತ್ತು ಡ್ರಗ್ಸ್ ಅಂದ ಕೂಡಲೇ ಮಾತು ಹೋಗುವುದು ಎರಡೇ ಕಡೆಗೆ. ಒಂದು, ಯಾರನ್ನು ಹಿಡಿದರು, ಎಷ್ಟು ಗ್ರಾಂ ಸಿಕ್ಕಿತು. ಇನ್ನೊಂದು, ಜೂನ್ 26ರ ಮಾದಕ ವಸ್ತು ವಿರೋಧಿ ದಿನದ ಜಾಥಾ, ಬ್ಯಾನರು, ಪ್ರತಿಜ್ಞೆ. ಪ್ರತಿಜ್ಞೆ ಇನ್ನೂ ಶುರು ಮಾಡದವರಿಗೆ, ಕೇಸು ಸಿಕ್ಕಿಬಿದ್ದವರಿಗೆ. ಈ ಎರಡರ ನಡುವೆ, ಕಷ್ಟಪಟ್ಟು ಬಿಟ್ಟು ಬಂದು ಕೊನೆಯ ಬೆಂಚಿನಲ್ಲಿ ಸುಮ್ನೆ ಕೂತಿರುವವನ ಬಗ್ಗೆ ಯಾರೂ ಮಾತಾಡುವುದಿಲ್ಲ. ನನಗೆ ಬೇಜಾರಾಗುವುದು ಅದಕ್ಕೇ.

ಈ ಆಲೋಚನೆ ಹುಟ್ಟಿದ್ದು ಅಮೆರಿಕದಲ್ಲಿ. 1977ರಲ್ಲಿ ಬ್ರೌನ್ ವಿಶ್ವವಿದ್ಯಾಲಯದಲ್ಲಿ ಇದಕ್ಕೆ ಮೊದಲ ರೂಪ ಸಿಕ್ಕಿತು. 1980ರ ದಶಕದಲ್ಲಿ ರಟ್ಗರ್ಸ್ ಮತ್ತು ಟೆಕ್ಸಾಸ್ ಟೆಕ್ ವಿಶ್ವವಿದ್ಯಾಲಯಗಳು ಅದನ್ನು ಬೆಳೆಸಿದವು. 1988ರಲ್ಲಿ ರಟ್ಗರ್ಸ್ ಒಂದು ಹೆಜ್ಜೆ ಮುಂದೆ ಹೋಗಿ, ಬಿಟ್ಟವರೇ ಒಟ್ಟಿಗೆ ಇರುವ ಹಾಸ್ಟೆಲ್ ವ್ಯವಸ್ಥೆ ಮಾಡಿತು. ಆಮೇಲೆ ಬಹಳ ಕಡೆ ಹಬ್ಬಿತು. ಎಲ್ಲ ಕಡೆಯೂ ತಿರುಳು ಒಂದೇ: ಕುಳಿತುಕೊಳ್ಳಲು ಒಂದು ಕೋಣೆ, ಇದೇ ದಾರಿಯಲ್ಲಿ ಬಂದ ನಾಲ್ಕು ಜನ ಸಹಪಾಠಿಗಳು, ವಿಷಯ ಗೊತ್ತಿರುವ ಒಬ್ಬ ಸಿಬ್ಬಂದಿ, ಕುಡಿತವಿಲ್ಲದೆ ಕಳೆಯಬಹುದಾದ ಸಂಜೆಗಳು.

ಕಾಲೇಜಿನಲ್ಲೇ ಯಾಕೆ ಬೇಕು? ಚಿಕಿತ್ಸೆ ಆಯಿತಲ್ಲ, ಇನ್ನು ಮನಸ್ಸು ಗಟ್ಟಿ ಮಾಡಿಕೊಂಡರೆ ಆಯಿತಪ್ಪ, ಅಂತ ಹಿರಿಯರು ಹೇಳುತ್ತಾರೆ. ಮನಸ್ಸು ಗಟ್ಟಿ ಇದ್ದರೂ ಮೆದುಳು ಹಳೆಯ ಜಾಗಗಳನ್ನು ನೆನಪಿಟ್ಟುಕೊಂಡಿರುತ್ತದೆ. ಸೇದುತ್ತಿದ್ದ ಟೆರೇಸು, ಜೊತೆಗೆ ಕೂರುತ್ತಿದ್ದ ಗೆಳೆಯ, ಶನಿವಾರ ರಾತ್ರಿ, ಎಟಿಎಂನಿಂದ ಹೊರಬಂದ ದುಡ್ಡು, ಇವುಗಳಲ್ಲಿ ಯಾವುದು ಕಣ್ಣಿಗೆ ಬಿದ್ದರೂ ತಿಂಗಳುಗಟ್ಟಲೆ ತಣ್ಣಗಿದ್ದ ಆಸೆ ಒಮ್ಮೆಗೇ ಏಳುತ್ತದೆ. ಬೇರೆಯವರಿಗೆ ಇಂಥ ಜಾಗದಿಂದ ದೂರ ಇರಿ ಎಂದು ಹೇಳಬಹುದು. ವಿದ್ಯಾರ್ಥಿ ಎಲ್ಲಿಗೆ ದೂರ ಹೋಗುತ್ತಾನೆ? ಅವನ ಹಾಸ್ಟೆಲ್, ಪಿಜಿ, ಕ್ಲಾಸು ಎಲ್ಲ ಅಲ್ಲೇ ಇವೆ. ಈ ಕ್ಷೇತ್ರದವರು ನಾಲ್ಕು ಅಪಾಯದ ಹೊತ್ತುಗಳನ್ನು ಹೇಳುತ್ತಾರೆ: ಹಸಿವು, ಸಿಟ್ಟು, ಒಂಟಿತನ, ದಣಿವು. ಇಂಟರ್ನಲ್ಸ್ ಪರೀಕ್ಷೆಯ ವಾರದಲ್ಲಿ ಹಾಸ್ಟೆಲಿನಲ್ಲಿರುವವನಿಗೆ ನಾಲ್ಕೂ ಒಟ್ಟಿಗೇ ಬರುತ್ತವೆ.

ಇನ್ನು ಅಟೆಂಡೆನ್ಸ್. ಈ ಸಣ್ಣ ವಿಷಯ ಎಷ್ಟು ಜನರ ಓದನ್ನು ಹಾಳು ಮಾಡುತ್ತದೆ ಎಂದು ಹೊರಗಿನವರಿಗೆ ಅಂದಾಜಾಗುವುದಿಲ್ಲ. ನನ್ನ ಪರಿಚಯದ ಒಬ್ಬ ಇಂಜಿನಿಯರಿಂಗ್ ಹುಡುಗ, ಬಂಟ್ವಾಳದ ಕಡೆಯವನು, ಚಿಕಿತ್ಸೆಗೆ ಸೇರಿ ವಾಪಸ್ ಬರುವಷ್ಟರಲ್ಲಿ ಶೇಕಡಾ 75 ಮುಟ್ಟುವ ದಾರಿಯೇ ಇರಲಿಲ್ಲ. ಮೆಡಿಕಲ್ ಸರ್ಟಿಫಿಕೇಟ್ ಕೊಟ್ಟರೆ ವಿನಾಯಿತಿ ಸಿಗುತ್ತಿತ್ತು. ಆದರೆ ಅದರ ತಲೆಯಲ್ಲೇ ದಪ್ಪಕ್ಷರದಲ್ಲಿ ‘ವ್ಯಸನಮುಕ್ತಿ ಕೇಂದ್ರ’ ಎಂದಿತ್ತು. ಅದು ಕ್ಲಾಸ್ ಟೀಚರ್ ಕೈಯಿಂದ ಎಚ್‌ಒಡಿಗೆ, ಅಲ್ಲಿಂದ ಆಫೀಸಿಗೆ ಹೋಗಬೇಕು. ಅವನು ಅದನ್ನು ಫೈಲಿನಲ್ಲಿ ಮಡಚಿಟ್ಟುಕೊಂಡು ಸ್ಟಾಫ್ ರೂಮಿನ ಬಾಗಿಲವರೆಗೆ ಹೋಗಿ ತಿರುಗಿ ಬಂದ. ಕೊಡಲೇ ಇಲ್ಲ. ಒಂದು ವರ್ಷ ಹೋಯಿತು. ಒಳ್ಳೆಯ ರಿಕವರಿ ವ್ಯವಸ್ಥೆ ಇರುವ ಕಾಲೇಜಿನಲ್ಲಿ ಆ ಕಾಗದ ಒಬ್ಬರೇ ಒಬ್ಬರ ಕೈಗೆ ಹೋಗುತ್ತದೆ. ಉಳಿದವರಿಗೆ ‘ವೈದ್ಯಕೀಯ ರಜೆ’ ಎಂದಷ್ಟೇ ಗೊತ್ತಾಗುತ್ತದೆ. ಇದಕ್ಕೆ ದುಡ್ಡು ಖರ್ಚಿಲ್ಲ, ಕಟ್ಟಡ ಬೇಡ. ಪ್ರಿನ್ಸಿಪಾಲರು ಮನಸ್ಸು ಮಾಡಿದರೆ ನಾಳೆಯೇ ಆಗುವ ಕೆಲಸ.

ಹೀಗೆ ಗುಟ್ಟು ಕಾಯುವುದು ಬರೀ ದಯೆಯ ವಿಷಯ ಅಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, ಕುಡಿತ ಮತ್ತು ಡ್ರಗ್ಸ್‌ನಿಂದ ಬರುವ ಮಾನಸಿಕ ಸ್ಥಿತಿಗಳನ್ನೂ ಕಾಯಿಲೆಯ ವ್ಯಾಖ್ಯೆಯಲ್ಲೇ ಸೇರಿಸಿದೆ. ಚಿಕಿತ್ಸೆಯ ವಿವರ ಗುಟ್ಟಾಗಿರುವುದು ರೋಗಿಯ ಹಕ್ಕು ಎಂದೂ ಹೇಳಿದೆ. ಕೇಸಿನ ಹೆದರಿಕೆಗೆ ಚಿಕಿತ್ಸೆ ಬೇಡ ಎನ್ನುವವರಿಗೂ ಒಂದು ಮಾತು. ಡ್ರಗ್ಸ್ ಕೇಸು ಹಾಕುವ 1985ರ ಎನ್‌ಡಿಪಿಎಸ್ ಕಾಯ್ದೆಯಲ್ಲೇ 64ಎ ಕಲಂ ಇದೆ. ಸೇವನೆಯ ಅಥವಾ ಸಣ್ಣ ಪ್ರಮಾಣದ ಕೇಸಿನಲ್ಲಿರುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಇರುವ ಕೇಂದ್ರದಲ್ಲಿ ಚಿಕಿತ್ಸೆ ಪಡೆದರೆ, ಅವನನ್ನು ಶಿಕ್ಷೆಯ ದಾರಿಗೆ ಎಳೆಯದೆ ಬಿಡಲು ಅದು ಅವಕಾಶ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಹಾಗಂತ ನಮ್ಮ ಜಿಲ್ಲೆಗಳಿಗೆ ಇದು ಪೂರ್ತಿ ಹೊಸದೇನಲ್ಲ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರ ಗೊತ್ತಿಲ್ಲದವರು ಇಲ್ಲಿ ಯಾರಿದ್ದಾರೆ? ಆದರೆ ಶಿಬಿರಕ್ಕಿಂತ ನನಗೆ ದೊಡ್ಡದೆನಿಸುವುದು ಆಮೇಲಿನ ನವಜೀವನ ಸಮಿತಿ. ಶಿಬಿರದಲ್ಲಿ ಕುಡಿತ ಬಿಟ್ಟವರು ಊರಲ್ಲೇ ಸೇರುತ್ತಾರೆ, ಒಬ್ಬರನ್ನೊಬ್ಬರು ವಿಚಾರಿಸಿಕೊಳ್ಳುತ್ತಾರೆ. ಬಿಟ್ಟವನನ್ನು ಬಿಟ್ಟವನೇ ಕಾಯುವುದು ಎಂಬ ಈ ಉಪಾಯವೇ ಕಾಲೇಜಿಯೇಟ್ ರಿಕವರಿಯ ಜೀವ. 1935ರಲ್ಲಿ ಅಮೆರಿಕದ ಅಕ್ರನ್ ಊರಿನಲ್ಲಿ ಶುರುವಾದ, ಕುಡಿತ ಬಿಡುವವರದ್ದೇ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ (ಎಎ) ನಿಂತಿರುವುದೂ ಇದರ ಮೇಲೇ. ಎಎ ಮೀಟಿಂಗ್ ನಮ್ಮಲ್ಲೂ ನಡೆಯುತ್ತವೆ, ಫೀಸು ಇಲ್ಲ, ಹೆಸರು ಬಹಿರಂಗ ಮಾಡುವುದಿಲ್ಲ. ಆದರೆ ಹತ್ತೊಂಬತ್ತರ ಹುಡುಗ ಅಲ್ಲಿ ಹೋಗಿ ಕೂತರೆ ಸುತ್ತ ಇರುವವರು ಜಾಸ್ತಿ ಅವನ ಅಪ್ಪನ ವಯಸ್ಸಿನವರು. ಸಾಲ, ಹೆಂಡತಿ ತವರಿಗೆ ಹೋದದ್ದು, ಲಿವರ್ ರಿಪೋರ್ಟ್, ಇದೆಲ್ಲ ಕೇಳಿ ‘ನನ್ನದು ಅಷ್ಟೇನಿಲ್ಲ’ ಎಂದುಕೊಂಡು ಎದ್ದು ಬರುತ್ತಾನೆ. ಹುಡುಗಿಯರ ಪಾಡು ಇನ್ನೂ ಕಷ್ಟ. ಅಂಥ ಮೀಟಿಂಗಿಗೆ ಒಬ್ಬಳೇ ಹೋಗುವುದಿರಲಿ, ತನಗೆ ಇಂಥ ತೊಂದರೆ ಉಂಟು ಎಂದು ರೂಮ್‌ಮೇಟ್ ಹತ್ತಿರ ಹೇಳುವುದಕ್ಕೂ ಆಗುವುದಿಲ್ಲ. ಅದಕ್ಕೇ ಅವರವರ ವಯಸ್ಸಿನವರ ಗುಂಪು ಕಾಲೇಜಿನಲ್ಲೇ ಬೇಕು, ಹುಡುಗಿಯರಿಗೆ ಬೇರೆಯೇ ಇದ್ದರೆ ಇನ್ನೂ ಒಳ್ಳೆಯದು.

ಗೆಳೆಯರ ಪಾಲು ಎಷ್ಟು ದೊಡ್ಡದು ಎಂದು ನೋಡಬೇಕಾದರೆ ನಮ್ಮ ಕಡೆಯ ಮೆಹೆಂದಿ ರಾತ್ರಿಗೆ ಹೋಗಿ ನಿಲ್ಲಿ. ಅಂಗಳದಲ್ಲಿ ಡಿಜೆ, ಮನೆಯ ಹಿಂದೆ ತೆಂಗಿನ ಮರದ ಕೆಳಗೆ ಟೇಬಲ್, ಐಸ್ ಬಾಕ್ಸ್, ಚಿಕನ್ ಸುಕ್ಕದ ಪ್ಲೇಟು. ಕ್ಲಾಸ್‌ಮೇಟ್ ಅಕ್ಕನ ಮದುವೆ, ಹೋಗದೇ ಇರುವ ಹಾಗಿಲ್ಲ. ಹೋದರೆ ಶುರು: “ಎಂತ ಮಾರಾಯ, ಒಂದು ಬಿಯರಿಗೆ ಎಂತ ಆಗ್ತದೆ?” ಮಾತ್ರೆ ತಗೊಳ್ತಿದ್ದೇನೆ ಎಂದರೆ ಎಂಥ ಮಾತ್ರೆ ಎಂದು ಕೇಳುತ್ತಾರೆ. ಆಗ ಪಕ್ಕದಲ್ಲಿ ಒಬ್ಬನೇ ಒಬ್ಬ ಗೆಳೆಯ ತಾನೂ ಶರಬತ್ ಹಿಡಿದು ನಿಂತು, “ಅವನನ್ನು ಬಿಡು, ನಾವಿಬ್ಬರೂ ಬೇಗ ಹೊರಡಬೇಕು, ಬೈಕ್ ಅವನದ್ದೇ” ಎಂದರೆ ಮಾತು ಅಲ್ಲಿಗೆ ನಿಲ್ಲುತ್ತದೆ. ಬಿಟ್ಟವನು ಯಾವ ವಿವರಣೆಯನ್ನೂ ಕೊಡಬೇಕಾಗುವುದಿಲ್ಲ. ರಿಕವರಿ ಗುಂಪುಗಳು ಕಲಿಸುವುದು ಇಂಥದ್ದನ್ನೇ: ಎಲ್ಲಿಗೆ ಹೋಗಬೇಕು, ಯಾರ ಜೊತೆ, ಎಷ್ಟು ಹೊತ್ತಿಗೆ ಹೊರಡಬೇಕು, ತಡೆಯದೇ ಹೋದರೆ ಯಾರಿಗೆ ಫೋನ್ ಮಾಡಬೇಕು, ಎಲ್ಲ ಮೊದಲೇ ಮಾತಾಡಿಕೊಳ್ಳುವುದು.

ಒಮ್ಮೆ ಜಾರಿದರೆ? ಜಾರುವವರು ಇದ್ದೇ ಇರುತ್ತಾರೆ. ಸಕ್ಕರೆ ಕಾಯಿಲೆ, ಬಿಪಿ ಹಾಗೆ ಇದೂ ಮರುಕಳಿಸಬಹುದಾದ ಕಾಯಿಲೆ. ಒಂದು ರಾತ್ರಿ ಕುಡಿದದ್ದಕ್ಕೆ ಹಾಸ್ಟೆಲಿನಿಂದ ಹೊರಗೆ ಹಾಕಿದರೆ ಅವನಿಗೆ ಉಳಿಯುವುದು ಹಳೆಯ ಗೆಳೆಯರು ಮಾತ್ರ. ಇನ್ನೊಂದು ವಿಷಯ ಪ್ರತಿ ವಾರ್ಡನ್‌ಗೂ ಗೊತ್ತಿರಬೇಕು. ತಿಂಗಳುಗಟ್ಟಲೆ ಬಿಟ್ಟ ದೇಹಕ್ಕೆ ಹಳೆಯ ಡೋಸ್ ತಡೆಯುವ ಶಕ್ತಿ ಇರುವುದಿಲ್ಲ. ಹೆರಾಯಿನ್‌ನಂಥ ಅಫೀಮು ಜಾತಿಯ ಡ್ರಗ್ಸ್ ಆದರೆ ಇದು ಪ್ರಾಣಕ್ಕೇ ಬರುತ್ತದೆ, ಉಸಿರು ನಿಧಾನವಾಗಿದ್ದರೆ ಬೆಳಗ್ಗೆ ನೋಡೋಣ ಎನ್ನದೆ ಆಗಲೇ ಆಸ್ಪತ್ರೆಗೆ ಒಯ್ಯಬೇಕು. ಅದೇ ರೀತಿ ದಿನಾ ಜಾಸ್ತಿ ಕುಡಿಯುವವನನ್ನು ಕೋಣೆಯಲ್ಲಿ ಕೂಡಿಹಾಕಿ ಒಮ್ಮೆಗೇ ಬಿಡಿಸಲು ಹೋಗಬೇಡಿ. ಎರಡು ಮೂರು ದಿನದೊಳಗೆ ಫಿಟ್ಸ್, ಭ್ರಮೆ ಬರಬಹುದು. ಅಂಥ ಕುಡಿತವನ್ನು ವೈದ್ಯರ ಕಣ್ಣೆದುರೇ ಬಿಡಿಸಬೇಕು.

ಮಾತಾಡಲು ಯಾರೂ ಸಿಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ವ್ಯಸನದ ವಿಷಯಕ್ಕೇ ಬೇಕಾದರೆ ಕೇಂದ್ರ ಸರ್ಕಾರದ 14446. ವಿದ್ಯಾರ್ಥಿಯೇ ಮಾಡಬೇಕೆಂದಿಲ್ಲ, ರೂಮ್‌ಮೇಟ್, ಅಮ್ಮ, ಲೆಕ್ಚರರ್ ಯಾರು ಬೇಕಾದರೂ ಮಾಡಿ ಕೇಳಬಹುದು.